ಶೈಲಾಳ ಪಕ್ಕದ ಮಷೀನು

ಚಂದಾಪುರ
ಸೋಮವಾರ, 9 ಮಾರ್ಚ್ 2009

ಮಲಕವ್ವನಿಗೆ ಚಿಕ್ಕಮುನಿಯಮ್ಮ ಬರೆಯುವುದು.

ಇಂದು ಸೋಮವಾರದ ಉಪವಾಸ. ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಹಸುವಿನ ಹಾಲು ಕರೆದು ಡೈರಿಗೆ ಹಾಕಿ ಬಂದೆ. ನಮ್ಮವರಿಗೆ ಮುದ್ದೆ ಕಟ್ಟಿಟ್ಟು, ಬೇಗೂರಿನ ನಾಗನಾಥೇಶ್ವರನಿಗೆ ಮನೆಯಿಂದಲೇ ಕೈಮುಗಿದು ಕೂತಿದ್ದೇನೆ. ಒಂದು ಲೋಟ ಹಾಲು ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿಲ್ಲ. ಆದರೂ ಹಸಿವು ಗೊತ್ತಾಗುತ್ತಿಲ್ಲ. ಯಾಕೆ ಅಂದರೆ ನಮ್ಮ ಫ್ಯಾಕ್ಟರಿಯ ಬೀಗದ ಕೈ ಈಗ ನನ್ನ ಸೆರಗಿನ ಗಂಟಿನಲ್ಲಿದೆ.

ಫೋನ್ ಮಾಡಿದರೆ ನಿನ್ನ ತಮ್ಮ ಎತ್ತುತ್ತಾನೆ, ‘ಅಕ್ಕ ಮನ್ಯಾಗಿಲ್ರಿ’ ಅನ್ನುತ್ತಾನೆ. ಅವನ ಹಿಂದೆ ನೀನು ಕೆಮ್ಮುವುದು ನನಗೆ ಕೇಳಿಸುತ್ತದೆ. ಹದಿನೈದು ವರ್ಷ ಕೇಳಿದ ಕೆಮ್ಮು, ಗುರುತು ಸಿಗುವುದಿಲ್ಲವೇ? ಅದಕ್ಕೇ ಕಾಗದ. ಕಾಗದಕ್ಕೆ ‘ಇಲ್ಲ’ ಅನ್ನಿಸಿ ಕಳಿಸುವುದಕ್ಕೆ ಆಗುವುದಿಲ್ಲ.

ನೀನು ಊರಿಗೆ ಹೋದ ಮೇಲೆ ನಡೆದದ್ದು ಹೇಳುತ್ತೇನೆ. ಹೊರದೇಶದ ಆರ್ಡರ್ ನಿಂತುಹೋಯಿತು ಅಂತ ಯಜಮಾನ ಬೀಗ ಹಾಕಿ ಹೋದನಲ್ಲ, ಮತ್ತೆ ಮುಖ ತೋರಿಸಲಿಲ್ಲ. ನಮ್ಮ ಸಂಬಳ ನಿಂತೇ ಇತ್ತು. ನಾವು ಹೆಂಗಸರೆಲ್ಲ ದಿನಾ ಗೇಟಿನ ಮುಂದೆ ಕೂತೇ ಇದ್ದೆವು. ಮಾಘ ಮಾಸದಲ್ಲಿ ಒಂದು ಮಧ್ಯಾಹ್ನ ಅವನ ಕಡೆಯವರು ಲಾರಿ ತಂದರು, ಮಷೀನು ತುಂಬಿಕೊಂಡು ಹೋಗುವುದಕ್ಕೆ. ಶೆಡ್ಡಿನ ಬಾಗಿಲು ತೆಗೆದರು. ಆಗ ತೋಳು ಹೊಲಿಯುತ್ತಿದ್ದಳಲ್ಲ, ಶೈಲಾ, ಅವಳು ಕಿರುಚಿದಳು: ‘ಎಲ್ರೂ ಒಳಗೆ ಹೋಗಿ ಅವರವರ ಮಷೀನಲ್ಲಿ ಕೂತ್ಕೊಳ್ರೇ! ಎತ್ತೋದಾದ್ರೆ ನಮ್ಮನ್ನೂ ಸೇರಿಸಿ ಎತ್ತಲಿ!’

ಕೂತೆವು. ಕರೆಂಟಿಲ್ಲ, ಬಟ್ಟೆಯಿಲ್ಲ, ಆದರೂ ಪೆಡಲ್ಲಿನ ಮೇಲೆ ಕಾಲಿಟ್ಟು ಸಾಲಾಗಿ ಕೂತೆವು. ಹಮಾಲಿಯವರು ಬಂದು ‘ಏಳಮ್ಮಾ, ಏಳಕ್ಕಾ’ ಅಂತ ಒಬ್ಬೊಬ್ಬರನ್ನೇ ಕೇಳಿದರು. ಯಾರೋ ಹಿಂದಿನಿಂದ ‘ಟಾರ್ಗೆಟ್ ಮುಗೀದೆ ಏಳಂಗಿಲ್ಲ ಕಣಣ್ಣ, ಸೂಪರ್‌ವೈಸರ್ ಬೈತಾರೆ’ ಅಂದಳು. ನೂರು ಹೆಂಗಸರು ನಕ್ಕರು. ಹಮಾಲಿಯವರೂ ನಕ್ಕರು. ಕೂತ ಹೆಂಗಸನ್ನು ಮುಟ್ಟಿ ಎಬ್ಬಿಸುವುದಕ್ಕೆ ಅವರಿಗೂ ಮನಸ್ಸು ಬರಲಿಲ್ಲ. ಲಾರಿ ಖಾಲಿ ಹೋಯಿತು.

ಆಮೇಲೆ ಲೇಬರ್ ಆಫೀಸಿಗೆ ಅಲೆದಾಡಿ, ಸಂಬಳದ ಬದಲು ಮಷೀನುಗಳನ್ನು ನಮ್ಮ ಹೆಸರಿಗೇ ಬರೆಸಿಕೊಂಡೆವು. ಸಂಘ ಮಾಡಿದ್ದೇವೆ. ಶೆಡ್ಡಿನ ಮಾಲೀಕ ಗೋಪಾಲಪ್ಪನವರು ‘ನಡೆಸಿ ನೋಡ್ರಮ್ಮ’ ಅಂತ ಬಾಡಿಗೆಗೆ ಬಿಟ್ಟಿದ್ದಾರೆ. ಎಲ್ಲರಿಗೂ ಒಂದೇ ಕೂಲಿ. ಏನೇ ತೀರ್ಮಾನವಾದರೂ ಶನಿವಾರ ಸಂಜೆ ಕೈಯೆತ್ತಿ ಮಾಡುವುದು. ಸೂಪರ್‌ವೈಸರ್ ಅಂತ ಯಾರೂ ಬೇಡ, ಅದು ಮೊದಲನೆಯ ತೀರ್ಮಾನ.

ಆದರೆ ಒಂದು ಕಷ್ಟ ಇದೆ. ನಾನು ಹದಿನೈದು ವರ್ಷ ಕಾಲರ್ ಒಂದನ್ನೇ ಹೊಲಿದವಳು. ತೋಳಿನವಳಿಗೆ ತೋಳು ಗೊತ್ತು, ಜೇಬಿನವಳಿಗೆ ಜೇಬು. ಮೊದಲಿನಿಂದ ಕೊನೆಯವರೆಗೆ ಇಡೀ ಅಂಗಿಯನ್ನು ತಲೆಯಲ್ಲಿ ಇಟ್ಟುಕೊಂಡವಳು ನೀನೊಬ್ಬಳೇ. ನಿನ್ನನ್ನು ನನ್ನ ಪಕ್ಕದ ಮಷೀನಿನಿಂದ ಎಬ್ಬಿಸಿ ಸೂಪರ್‌ವೈಸರ್ ಮಾಡಿದ್ದೂ ಅದಕ್ಕೇ ಅಲ್ಲವೇ?

ಬಾ ಮಲಕವ್ವ. ನಿಲ್ಲುವುದಕ್ಕೆ ಕರೆಯುತ್ತಿಲ್ಲ, ಕೂರುವುದಕ್ಕೆ.

ಇಂತಿ,
ಚಿಕ್ಕಮುನಿಯಮ್ಮ


ಇಳಕಲ್
ಶನಿವಾರ, 21 ಮಾರ್ಚ್ 2009

ಚಿಕ್ಕಮುನಿಯಕ್ಕನಿಗೆ ಮಲಕವ್ವನ ಶರಣು.

ಕಾಗದ ಮುಟ್ಟಿತು. ತಮ್ಮ ಓದಿ ಹೇಳುತ್ತೇನೆ ಅಂದ. ಕೊಡಲಿಲ್ಲ, ನಾನೇ ಓದಿದೆ.

ಹಮಾಲಿಯವನಿಗೆ ಹೇಳಿದ ಮಾತು ಓದಿ ನಕ್ಕೆ. ನಗುತ್ತಾ ಇದ್ದಾಗಲೇ ಹೊಳೆಯಿತು, ಆ ಸೂಪರ್‌ವೈಸರ್ ನಾನೇ ಅಂತ. ನಗು ಅಲ್ಲಿಗೇ ನಿಂತಿತು.

ನಾನು ಊರಿಗೆ ಹೊರಟ ದಿನ ಟ್ರಂಕು ಹೊತ್ತುಕೊಂಡು ಗೇಟಿನ ಮುಂದೆಯೇ ಹೋದೆ. ನೀವೆಲ್ಲ ಅಲ್ಲೇ ಕೂತಿದ್ದಿರಿ. ‘ಎಲ್ಲಿಗೆ’ ಅಂತ ಒಬ್ಬರೂ ಕೇಳಲಿಲ್ಲ. ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಬರೆದಾಯಿತು, ಅಳಿಸುವುದಿಲ್ಲ.

ಒಂಬತ್ತು ವರ್ಷ ನಾನು ಆ ಹೆಣ್ಣುಮಕ್ಕಳ ಮೇಲೆ ಒದರಿದ್ದು ಅವರಿಗೆ ನೆನಪಿದೆ. ಗಂಟೆಗೊಮ್ಮೆ ಮೇಲಿನವರು ಗಾಜಿನ ಕ್ಯಾಬಿನ್ನಿಗೆ ಕರೆದು ನನ್ನ ಮೇಲೆ ಒದರುತ್ತಿದ್ದದ್ದು ಅವರಿಗೆ ಕೇಳಿಸಿಲ್ಲ, ಗಾಜು ಹಾಗಿತ್ತು. ಹೋಗಲಿ. ಇಲ್ಲಿ ತಮ್ಮನ ಮನೆಯಲ್ಲಿ ಮಗ್ಗ ಇದೆ. ಕೂತು ನೇಯುತ್ತೇನೆ. ಸೀರೆಗೆ ಬಾಯಿಲ್ಲ, ನನ್ನನ್ನು ಬೈಯುವುದಿಲ್ಲ.

ನಾನು ಬರುವುದಿಲ್ಲ. ಯುಗಾದಿಗೆ ಬೇವು ಬೆಲ್ಲ ತಿನ್ನುವಾಗ ನಿನ್ನನ್ನು ನೆನೆಸಿಕೊಳ್ಳುತ್ತೇನೆ, ಅಷ್ಟೇ.

ಒಂದು ಮಾತು. ಕಿಟಕಿ ಪಕ್ಕದ ಓವರ್‌ಲಾಕ್ ಮಷೀನು ಎಣ್ಣೆ ಕಾರುತ್ತದೆ. ಬಿಳಿ ಬಟ್ಟೆ ಕೊಡುವ ಮುಂಚೆ ಚಿಂದಿ ಬಟ್ಟೆ ಹೊಲಿದು ನೋಡಿರಿ. ನಾನು ಹೇಳಿದೆ ಅಂತ ಯಾರಿಗೂ ಹೇಳಬೇಡ.

ಮಲಕವ್ವ


ಚಂದಾಪುರ
ಸೋಮವಾರ, 20 ಏಪ್ರಿಲ್ 2009

ಮಲಕವ್ವನಿಗೆ,

ಇವತ್ತೂ ಉಪವಾಸ. ಆದರೆ ಬೆಳಗಿನ ಕೆಲಸ ಅರ್ಧಕ್ಕೇ ಬಿಟ್ಟು ನಿನಗೆ ಬರೆಯುತ್ತಿದ್ದೇನೆ. ಪಾತ್ರೆ ಹಾಗೇ ಬಿದ್ದಿವೆ, ಬಿದ್ದಿರಲಿ.

ಎಣ್ಣೆಯ ವಿಷಯ ಹೇಳಿದೆ. ನಿನ್ನ ಹೆಸರು ಎತ್ತಲಿಲ್ಲ. ಕಟಿಂಗ್ ಮಾಸ್ಟರ್ ಸಿದ್ದರಾಜು ‘ಕಾಲರ್ ಹೊಲಿಯೋಳಿಗೆ ಓವರ್‌ಲಾಕ್ ರೋಗ ಹೆಂಗೆ ಗೊತ್ತಾಯ್ತು ಯಕ್ಕಾ?’ ಅಂದ. ‘ನಾಗನಾಥೇಶ್ವರ ಕನಸಲ್ಲಿ ಬಂದು ಹೇಳ್ದ’ ಅಂದೆ. ನಂಬಿದ. ಎಣ್ಣೆ ಒಂದು ಹನಿಯೂ ಬೀಳಲಿಲ್ಲ. ಆದರೆ ಬಿದ್ದದ್ದು ಬೇರೆ. ಕೇಳು.

ಆನೇಕಲ್ ಕಡೆಯ ಒಂದು ಶಾಲೆಯವರು ಯೂನಿಫಾರಂ ಕೊಟ್ಟಿದ್ದಾರೆ, ಬಿಳಿ ಅಂಗಿ. ಶಾಲೆ ಶುರುವಾಗುವುದರ ಒಳಗೆ ಕೊಡಬೇಕು. ಇದನ್ನು ಸರಿಯಾಗಿ ಕೊಟ್ಟರೆ ಬೇರೆ ಶಾಲೆಯವರೂ ಬರುತ್ತಾರೆ, ಕೆಡಿಸಿದರೆ ಶೆಡ್ಡು ಮುಚ್ಚಬೇಕು. ಮೊನ್ನೆ ಶುಕ್ರವಾರ ಒಳ್ಳೆಯ ದಿನ ಅಂತ ಕೆಲಸ ಶುರು ಮಾಡಿದೆವು. ಎಲ್ಲರಿಗಿಂತ ಮುಂಚೆ ನಾನು ಹೋಗಿ ಪ್ರತಿ ಮಷೀನಿಗೂ ಹಸಿ ಅರಿಶಿನ ಬಳಿದು, ಕುಂಕುಮ ಇಟ್ಟು, ಹೂವು ಮುಡಿಸಿದೆ. ನಮ್ಮದೇ ಆದ ಮೇಲೆ ಮೊದಲ ಪೂಜೆ ಅಲ್ಲವೇ? ಕೈತುಂಬ ಮಾಡಿದೆ. ಆಯುಧಪೂಜೆಯ ಮಾರನೆಯ ದಿನ ಯಜಮಾನನ ಕಾಲದಲ್ಲಿ ರಜೆ ಇರುತ್ತಿತ್ತು, ನೆನಪಿದೆಯಲ್ಲ. ಅದರ ಮಾರನೆಯ ದಿನ ನೀನು ಹೆಲ್ಪರುಗಳ ಹಿಂದೆ ಬಿದ್ದು ಒಂದೊಂದು ಮಷೀನನ್ನೂ ಒರೆಸಿಸಿದ ಮೇಲೇ ಬಟ್ಟೆ ಬರುತ್ತಿತ್ತು. ಈ ಸಲ ರಜೆಯೂ ಇಲ್ಲ, ‘ಒರೆಸಿ’ ಅನ್ನುವವರೂ ಇಲ್ಲ. ಅವಳು ಒರೆಸಿರುತ್ತಾಳೆ ಅಂತ ಇವಳು, ಇವಳು ಒರೆಸಿರುತ್ತಾಳೆ ಅಂತ ಅವಳು. ಮೇಲಿನ ಕುಂಕುಮ ಉದುರಿಸಿದರು, ಸಂದಿಯ ಅರಿಶಿನ ಹಾಗೇ ಉಳಿಯಿತು. ಮಷೀನು ಅದುರಿದ ಹಾಗೆ ಅರಿಶಿನ ಬಟ್ಟೆಯ ಮೇಲೆ ಉದುರಿತು.

ಮಧ್ಯಾಹ್ನ ಸಿದ್ದರಾಜು ಒಂದು ಅಂಗಿ ಎತ್ತಿ ಹಿಡಿದ. ಭುಜದ ಮೇಲೆ ಹಳದಿ. ಇನ್ನೊಂದು ಎತ್ತಿದ, ಜೇಬಿನ ಮೇಲೆ ಹಳದಿ. ‘ಅಯ್ಯೋ, ಇದೇನು ಮದ್ವೆ ಗಂಡಿನ ಅಂಗಿನಾ!’ ಅಂದ. ಶೈಲಾ ಒಂದು ಅಂಗಿ ಕಿತ್ತುಕೊಂಡು ನಲ್ಲಿಗೆ ಓಡಿ ಸೋಪು ಹಚ್ಚಿದಳು. ಹಳದಿ ಹೋಗಿ ಓಕುಳಿ ಕೆಂಪಾಯಿತು. ಆಗ ಯಾರೋ ಅಳುವುದಕ್ಕೆ ಶುರು ಮಾಡಿದಳು.

ಎಲ್ಲರೂ ನನ್ನ ಕಡೆ ನೋಡಿದರು. ‘ಅರಿಶಿನ ಬಳಿದೋಳು ನಾನೇ ಕಣ್ರಮ್ಮ’ ಅಂದೆ. ಯಜಮಾನನ ಕಾಲವಾಗಿದ್ದರೆ ಆ ಹೊತ್ತಿಗೆ ಏನಾಗುತ್ತಿತ್ತು ಅಂತ ನನಗೂ ಗೊತ್ತು, ನಿನಗೂ ಗೊತ್ತು. ಶೈಲಾ ಒದ್ದೆ ಅಂಗಿ ಹಿಡಿದುಕೊಂಡೇ ಕೇಳಿದಳು: ‘ಯಾರು ಮಾಡಿದ್ರು ಅಂತ ಆಮೇಲೆ ನೋಡೋಣ. ಇದು ಹೋಗೋದು ಹೆಂಗೆ, ಯಾರಿಗೆ ಗೊತ್ತು?’

ಆಗ ನನಗೆ ತಲೆ ಓಡಿತು. ಹಬ್ಬದಲ್ಲಿ ನಮ್ಮವರ ಪಂಚೆಗೆ ಅರಿಶಿನ ತಾಗಿದರೆ ನಾನು ಸೋಪು ಮುಟ್ಟಿಸುತ್ತೇನೆಯೇ? ಬರೀ ನೀರಲ್ಲಿ ಜಾಲಿಸಿ ಬಿಸಿಲಿಗೆ ಎಸೆಯುತ್ತೇನೆ. ಅರಿಶಿನವನ್ನು ಬಿಸಿಲು ತಿಂದುಬಿಡುತ್ತದೆ. ಹೇಳಿದ ತಕ್ಷಣ ಎಲ್ಲರಿಗೂ ನೆನಪಾಯಿತು, ಎಲ್ಲರ ಮನೆಯಲ್ಲೂ ಮಾಡುವುದೇ! ಫ್ಯಾಕ್ಟರಿಯೊಳಗೆ ಕಾಲಿಟ್ಟರೆ ಮನೆಯ ಬುದ್ಧಿಯನ್ನು ಗೇಟಿನಲ್ಲೇ ಬಿಟ್ಟು ಬರುವುದು ನಮಗೆ ಅಭ್ಯಾಸವಾಗಿಬಿಟ್ಟಿತ್ತು, ನೋಡು.

ಬಿಂದಿಗೆ, ಬಕೆಟ್ಟು, ಡ್ರಮ್ಮು ಎಲ್ಲ ತಂದೆವು. ಸೋಪು ಹಚ್ಚಿದ್ದಕ್ಕೆ ನಿಂಬೆಹಣ್ಣು ಹಿಂಡಿದೆವು, ಕೆಂಪು ಮತ್ತೆ ಹಳದಿಯಾಯಿತು. ಶೆಡ್ಡಿನ ಹಿಂದೆ ಗೋಪಾಲಪ್ಪನವರ ಖಾಲಿ ಹೊಲವಿದೆಯಲ್ಲ, ಅಲ್ಲಿ ಸೀರೆ ಹಾಸಿ, ಅದರ ಮೇಲೆ ಅಂಗಿ ಹರಡಿದೆವು. ಉಳಿದದ್ದಕ್ಕೆ ಹಗ್ಗ ಕಟ್ಟಿದೆವು. ಏಪ್ರಿಲ್ ಬಿಸಿಲು, ಆ ಸೂರ್ಯನಾರಾಯಣನಿಗೆ ಎಷ್ಟು ಕೈಮುಗಿದರೂ ಸಾಲದು. ಮಗ್ಗುಲು ಬದಲಿಸುತ್ತಾ ನಾವೂ ಬಿಸಿಲಲ್ಲೇ ನಿಂತೆವು. ಗೋಪಾಲಪ್ಪನವರು ಬೈಕ್ ನಿಲ್ಲಿಸಿ ‘ಏನ್ರಮ್ಮಾ, ಫ್ಯಾಕ್ಟ್ರಿನಾ ಧೋಬಿ ಘಾಟ್ ಮಾಡ್ಬುಟ್ರಾ?’ ಅಂದರು. ‘ಅಂಗಿಗೆ ಬಿಸಿಲು ತೋರಿಸ್ತಾ ಇದೀವಿ ಸಾರ್, ಫಾರಿನ್ ಪದ್ಧತಿ’ ಅಂದಳು ಶೈಲಾ. ಅವರು ತಲೆಯಾಡಿಸಿ ಹೋದರು.

ಶನಿವಾರ ಸಂಜೆಯ ಹೊತ್ತಿಗೆ ಹಾಲಿನ ಹಾಗೆ ಆಗಿದ್ದವು. ಒಂದು ಹೊಲ ತುಂಬ ಬಿಳಿ ಅಂಗಿ, ಗಾಳಿಗೆ ತೋಳು ಎತ್ತುತ್ತಿದ್ದವು. ನಾನು ದೇವರ ಮುಂದೆ ಅತ್ತಿದ್ದೇನೆ, ಮಕ್ಕಳ ಮದುವೆಯಲ್ಲಿ ಅತ್ತಿದ್ದೇನೆ. ಅಂಗಿ ನೋಡಿ ಅತ್ತದ್ದು ಇದೇ ಮೊದಲು. ಆ ಸಂಜೆಯ ಸಭೆಯಲ್ಲಿ ಪೂಜೆ ಬೇಡ ಅಂತ ಕೆಲವರು ಅಂದರು. ಇರಲಿ, ಆದರೆ ಕೆಲಸ ಮುಗಿದ ಮೇಲೆ, ಹೂವು ಮಾತ್ರ ಅಂತ ಹೆಚ್ಚು ಕೈ ಎದ್ದವು. ದೇವರು ಬೇಸರ ಮಾಡಿಕೊಳ್ಳುವುದಿಲ್ಲ, ಬಿಸಿಲನ್ನು ಕಳಿಸಿದವನು ಅವನೇ ತಾನೆ.

ಆದರೂ ಲೈನ್ ಕೂಡುತ್ತಿಲ್ಲ. ತೋಳು ಬಂದು ಗುಡ್ಡೆ ಬಿದ್ದಿರುತ್ತದೆ, ಭುಜ ಇನ್ನೂ ಬಂದಿರುವುದಿಲ್ಲ. ಒಬ್ಬಳಿಗೆ ಉಸಿರು ಬಿಡುವುದಕ್ಕೆ ಪುರುಸೊತ್ತಿಲ್ಲ, ಇನ್ನೊಬ್ಬಳು ಕೈಕಟ್ಟಿ ಕೂತಿರುತ್ತಾಳೆ. ಅದೇ ಸಭೆಯಲ್ಲಿ ನಿನ್ನ ಹೆಸರು ಎತ್ತಿದೆ. ಶೈಲಾ ಎದ್ದು ನಿಂತಳು. ‘ಆಯಮ್ಮ ಒಳಗೆ ಬಂದ್ರೆ ನಾನು ಹೊರಗೆ ಹೋಗ್ತೀನಿ. ನನ್ನ ಮಗೂಗೆ ಜ್ವರ ಬಂದ ದಿನ ಮನೆಗೆ ಹೋಗೋಕೆ ಗೇಟ್ ಪಾಸ್ ಕೊಡ್ಲಿಲ್ಲ ಆಯಮ್ಮ. ಕಾಲು ಹಿಡ್ಕೊಂಡೆ, ಕೊಡ್ಲಿಲ್ಲ’ ಅಂದಳು. ಯಾರೂ ಕೈಯೆತ್ತಲಿಲ್ಲ.

ಮುಚ್ಚಿಡುವುದು ನನಗೆ ಬರುವುದಿಲ್ಲ, ಅದಕ್ಕೇ ಬರೆದೆ.

ಇಂತಿ,
ಚಿಕ್ಕಮುನಿಯಮ್ಮ


ಇಳಕಲ್
ಮಂಗಳವಾರ, 5 ಮೇ 2009

ಚಿಕ್ಕಮುನಿಯಕ್ಕನಿಗೆ,

ಮಷೀನಿಗೆ ಅರಿಶಿನ ಬಳಿದು ಬಿಳಿ ಅಂಗಿ ಹೊಲಿದ ಪುಣ್ಯಾತ್ಗಿತ್ತಿ ನೀನೊಬ್ಬಳೇ ಇರಬೇಕು. ತಮ್ಮನ ಹೆಂಡತಿಗೆ ಓದಿ ಹೇಳಿದೆ. ಆಕೆ ನಕ್ಕು ನಕ್ಕು ಲಾಳಿ ಕೈಬಿಟ್ಟಳು, ಎಳೆ ಹರಿಯಿತು. ಅದರ ಪಾಪ ನಿನಗೇ.

ಆ ದಿನ ಪಾಸ್ ಕೊಡದವಳು ನಾನೇ. ಮೇಲಿನವರು ಬೇಡ ಅಂದಿದ್ದರು ಅಂತ ಬರೆಯಬಹುದು, ಖರೇನೂ ಹೌದು. ಆದರೆ ಶೈಲಾ ಹಿಡಿದದ್ದು ಅವರ ಕಾಲಲ್ಲ, ನನ್ನ ಕಾಲು. ಅವಳಿಗೆ ಏನೂ ಹೇಳಬೇಡ. ಅವಳು ಅಂದದ್ದು ಸರಿ ಇದೆ.

ತೋಳು ಗುಡ್ಡೆ ಬೀಳುವುದು ಯಾಕೆ ಅಂದರೆ, ನೀವು ಎಲ್ಲವನ್ನೂ ಒಟ್ಟಿಗೆ ಶುರು ಮಾಡುತ್ತೀರಿ. ತೋಳಿಗೆ ಬೇಗ ಕೈ ಓಡುತ್ತದೆ, ಕಾಲರ್ ಮತ್ತು ಭುಜ ನಿಧಾನ. ನಿಧಾನದ್ದನ್ನು ಬೆಳಿಗ್ಗೆ ಮೊದಲು ಶುರು ಮಾಡಿರಿ. ತೋಳಿನವರು ಅಷ್ಟು ಹೊತ್ತು ಭುಜದವರ ಜೊತೆ ಕೂತು ಕೈ ಕೊಡಲಿ. ಇಷ್ಟೇ. ಇದಕ್ಕೆ ನಾನು ಬೇಕಾಗಿಲ್ಲ.

ಒಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಈಗ ಗೇಟ್ ಪಾಸ್ ಯಾರು ಕೊಡುತ್ತಾರೆ?

ಮಲಕವ್ವ


ಚಂದಾಪುರ
ಸೋಮವಾರ, 8 ಜೂನ್ 2009

ಮಲಕವ್ವನಿಗೆ ಚಿಕ್ಕಮುನಿಯಮ್ಮ ಬರೆಯುವುದು.

ಇವತ್ತೂ ಸೋಮವಾರವೇ. ಉಪವಾಸದ ದಿನವೇ ನಿನಗೆ ಬರೆಯುವುದು ವ್ರತದ ಹಾಗೆ ಆಗಿಹೋಗಿದೆ. ಹಸು ಈಯಿತು, ಹೆಣ್ಣು ಕರು. ಬೆಳಿಗ್ಗೆ ಗಿಣ್ಣು ಕಾಸಿ ಮನೆಯವರಿಗೆ ಕೊಟ್ಟು, ನಾನು ಮೂಸಿಯೂ ನೋಡದೆ ಬಂದೆ.

ಅಂಗಿ ಎಲ್ಲ ಹೊತ್ತಿಗೆ ಸರಿಯಾಗಿ ಹೋದವು. ನೀನು ಬರೆದ ಹಾಗೆ ಕಾಲರ್ ಮತ್ತು ಭುಜ ಮೊದಲು ಶುರು ಮಾಡಿದೆವು, ಲೈನ್ ನೀರಿನ ಹಾಗೆ ಓಡಿತು. ಈ ಸಲವೂ ‘ನಾಗನಾಥೇಶ್ವರ ಹೇಳಿದ’ ಅಂದೆ. ಸಿದ್ದರಾಜು ‘ಆ ಸ್ವಾಮಿ ಇಳಕಲ್ ಪೋಸ್ಟಲ್ಲಿ ಬರ್ತಾನಾ ಯಕ್ಕಾ?’ ಅಂದ. ನಿನ್ನ ಕಾಗದ ನನ್ನ ಚೀಲದಿಂದ ಇಣುಕುತ್ತಿತ್ತಂತೆ. ಎಲ್ಲರಿಗೂ ಗೊತ್ತಾಯಿತು. ಶೈಲಾ ತಲೆಯೆತ್ತಲಿಲ್ಲ, ಹೊಲಿಯುತ್ತಲೇ ಇದ್ದಳು.

ಹೋದ ಸೋಮವಾರ ಶಾಲೆ ಶುರುವಾಯಿತು. ಚಂದಾಪುರದ ಬಸ್ ಸ್ಟಾಪಿನಲ್ಲಿ ಒಂದು ಹೆಣ್ಣುಮಗು ನಮ್ಮ ಅಂಗಿ ಹಾಕಿಕೊಂಡು ನಿಂತಿತ್ತು. ನನಗೆ ತಡೆಯಲಾಗಲಿಲ್ಲ. ಹಿಂದಿನಿಂದ ಹೋಗಿ ಕಾಲರ್ ಮಗುಚಿ ಹೊಲಿಗೆ ನೋಡಿದೆ. ‘ಏನ್ರೀ ಅದು? ಮಗೂನ ಯಾಕ್ ಮುಟ್ತೀರಾ?’ ಅಂತ ಅವಳ ತಾಯಿ ಗದರಿದಳು. ‘ಈ ಕಾಲರ್ ನಾನು ಹೊಲ್ದಿದ್ದು ಕಣವ್ವ’ ಅಂದೆ. ಆಯಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ ‘ಚೆನ್ನಾಗಿದೆ’ ಅಂದಳು. ಮಲಕವ್ವ, ಹದಿನೈದು ವರ್ಷ ಹೊಲಿದ ಕಾಲರ್ ಸಮುದ್ರದಾಚೆಗೆ ಹೋದವು, ಯಾವ ಕತ್ತಿನ ಸುತ್ತ ಕೂತವೋ ನಾನು ನೋಡಲಿಲ್ಲ. ಮೊದಲನೆಯ ಸಲ ನನ್ನ ಕೆಲಸ ಒಂದು ಮಗುವಿನ ಮೈಮೇಲೆ ನೋಡಿದೆ. ಅವತ್ತು ಫ್ಯಾಕ್ಟರಿಗೆ ನಡೆದು ಹೋದೆನೋ ಹಾರಿ ಹೋದೆನೋ ಗೊತ್ತಿಲ್ಲ. ಈಗ ಇನ್ನೆರಡು ಶಾಲೆಯವರು ಬಂದಿದ್ದಾರೆ.

ಗೇಟ್ ಪಾಸ್ ಯಾರು ಕೊಡುತ್ತಾರೆ ಅಂತ ನೀನು ಕೇಳಿದ್ದೆ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಅದಕ್ಕೇ ಇಷ್ಟು ದಿನ ಬರೆಯಲಿಲ್ಲ. ಅಲ್ಲಿಯವರೆಗೆ ಯಾರೂ ಮಧ್ಯದಲ್ಲಿ ಎದ್ದು ಹೋಗಿರಲೇ ಇಲ್ಲ. ಬೀಗದ ಕೈ ನಮ್ಮದೇ, ಗೇಟು ನಮ್ಮದೇ, ಆದರೂ ಹೋಗಬಹುದು ಅಂತ ಯಾರಿಗೂ ಹೊಳೆದಿರಲಿಲ್ಲ.

ಉತ್ತರ ಹೋದ ಗುರುವಾರ ಸಿಕ್ಕಿತು. ಶೈಲಾಳ ಮಗು ಅಂಗನವಾಡಿಯಲ್ಲಿ ಬಿದ್ದು ಹಣೆ ಒಡೆದುಕೊಂಡಿದೆ ಅಂತ ಫೋನ್ ಬಂತು. ಅವಳು ಧಡಾರನೆ ಎದ್ದಳು. ಎದ್ದವಳು ನೇರ ಗೇಟಿಗೆ ಹೋಗಲಿಲ್ಲ. ಲೈನಿನ ತುದಿಗೆ ಹೋಗಿ ನಿಂತಳು. ಅಲ್ಲಿ ಯಾರೂ ಇಲ್ಲ. ನೀನು ನಿಲ್ಲುತ್ತಿದ್ದ ಜಾಗ ಅದು. ಕೈಮುಗಿಯುವುದಕ್ಕೆ ಕೈ ಎತ್ತಿದ್ದಳು, ಹಾಗೇ ನಿಂತುಬಿಟ್ಟಳು. ಮಷೀನುಗಳೆಲ್ಲ ಒಂದೊಂದಾಗಿ ನಿಂತವು. ನಾನು ಓಡಿಹೋಗಿ ‘ಓಗು ಮಗಾ, ಯಾರ್ನ ಕೇಳ್ತಾ ನಿಂತಿದ್ದೀಯ? ನಿನ್ನ ತೋಳು ನಾನು ಹೊಲೀತೀನಿ, ಓಗು’ ಅಂದೆ. ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದಳು. ಮಗು ಚೆನ್ನಾಗಿದೆ, ಎರಡು ಹೊಲಿಗೆ ಬಿತ್ತು. ನಾನು ಹೊಲಿದ ತೋಳು ಒಂದೂ ಸರಿಯಾಗಲಿಲ್ಲ, ಮಾರನೆಯ ದಿನ ಬೈದುಕೊಂಡು ಎಲ್ಲ ಬಿಚ್ಚಿದಳು.

ಮೊನ್ನೆ ಶನಿವಾರದ ಸಭೆಯಲ್ಲಿ ಅವಳೇ ಮೊದಲು ಎದ್ದಳು. ಗೇಟ್ ಪಾಸ್ ಅನ್ನುವುದೇ ಇಲ್ಲ. ಹೋಗಬೇಕಾದವಳು ಪಕ್ಕದವಳಿಗೆ ಹೇಳಿ ಹೋಗುವುದು, ಪಕ್ಕದವಳು ಆ ಮಷೀನು ನೋಡಿಕೊಳ್ಳುವುದು ಅಂದಳು. ಎಲ್ಲರ ಕೈಯೂ ಎದ್ದವು. ಅವಳು ಕೂರಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ನಿಂತೇ ಇದ್ದಳು. ಆಮೇಲೆ ಹೇಳಿದಳು. ಅವಳ ಮಾತನ್ನೇ ಬರೆಯುತ್ತೇನೆ:

‘ಕಾಲರ್ ಹೊಲಿಯೋರಿಗೆ ತೋಳು ಬರಲ್ಲ. ಎಲ್ಲಾ ಹೊಲಿಯೋಕೆ ಬರೋರು ಒಬ್ರೇ. ಆಯಮ್ಮನ್ನ ಕರೀರಿ. ಆದ್ರೆ ನನ್ನ ಪಕ್ಕದ ಮಷೀನಲ್ಲೇ ಕೂರ್ಬೇಕು. ನಾನು ಎದ್ದು ಹೋಗೋವಾಗ “ಹೋಗಿ ಬಾ” ಅಂತ ಆ ಬಾಯಲ್ಲಿ ನಾನು ಕೇಳ್ಬೇಕು.’

ಎಷ್ಟು ಕೈ ಎದ್ದವು ಅಂತ ನಾನು ಎಣಿಸಲಿಲ್ಲ. ಕಣ್ಣು ಮಂಜಾಗಿತ್ತು.

ಭಾನುವಾರ ಶೈಲಾ ಬಂದು ತನ್ನ ಪಕ್ಕದ ಮಷೀನು ಒರೆಸಿದಳು. ನಾನು ಒಂದು ಹೂವು ಇಟ್ಟೆ. ಅರಿಶಿನ ಮುಟ್ಟಿಸಲಿಲ್ಲ, ಹೆದರಬೇಡ.

ಇನ್ನು ಒಂದೇ ಮಾತು ಬಾಕಿ. ನೀನು ಟ್ರಂಕು ಹೊತ್ತುಕೊಂಡು ಗೇಟಿನ ಮುಂದೆ ಹೋಗಿದ್ದನ್ನು ಬರೆದಿದ್ದೆಯಲ್ಲ. ಈ ಸಲ ಬಸ್ಸು ಚಂದಾಪುರಕ್ಕೆ ಬರುವ ಮೊದಲೇ ನಾವು ರಸ್ತೆಯಲ್ಲಿ ನಿಂತಿರುತ್ತೇವೆ. ಟ್ರಂಕು ನಾನು ಹೊರುತ್ತೇನೆ.

ಈ ಕಾಗದವನ್ನು ಪೋಸ್ಟಿಗೆ ಹಾಕುತ್ತಿಲ್ಲ. ನಿಮ್ಮ ಓಣಿಯ ಬಸಲಿಂಗ, ನಮ್ಮಲ್ಲಿ ಐರನ್ ಮಾಡುವವನು, ಅಕ್ಕನ ಮಗುವಿನ ನಾಮಕರಣಕ್ಕೆ ಊರಿಗೆ ಬರುತ್ತಿದ್ದಾನೆ. ಅವನ ಕೈಯಲ್ಲಿ ಕೊಟ್ಟಿದ್ದೇನೆ. ಅವನು ವಾಪಸ್ಸು ಹೊರಡುವ ದಿನ ಮತ್ತೆ ನಿನ್ನ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಉತ್ತರ ತರದೆ ಬಸ್ಸು ಹತ್ತಬೇಡ ಅಂತ ಅವನಿಗೆ ದೇವರ ಮೇಲೆ ಆಣೆ ಹಾಕಿಸಿದ್ದೇನೆ. ಅದು ಕಾಗದದಲ್ಲೇ ಇರಬೇಕು ಅಂತೇನಿಲ್ಲ, ನೀನೇ ಅವನ ಜೊತೆ ಹತ್ತಿದರೂ ಆಣೆ ತೀರುತ್ತದೆ. ಹುಡುಗ ಬಿಸಿಲಲ್ಲಿ ನಿಂತಿರುತ್ತಾನೆ, ಬೇಗ ಕಳಿಸು.

ನಿನ್ನ ದಾರಿ ನೋಡುತ್ತಿರುವ,
ಚಿಕ್ಕಮುನಿಯಮ್ಮ